ಗೆರೆಗೊಂದು ನ್ಯಾಯ, ಛಾಯೆಗೊಂದು ನ್ಯಾಯ: ಮುದ್ರಣದಲ್ಲಿ ಡಿದರಿಂಗ್ ಆಯ್ಕೆ



ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಇಂದಿನ ವಿಷಯ ಹೊರಡುವುದೇ ಇಲ್ಲಿಂದ. ಕಪ್ಪು ಶಾಯಿ ತುಂಬಿದ ಯಂತ್ರ ಕಾಗದದ ಒಂದು ಜಾಗದಲ್ಲಿ ಶಾಯಿ ಇಡಬಲ್ಲದು, ಇಲ್ಲವೇ ಹಾಗೇ ಬಿಡಬಲ್ಲದು. ಅರ್ಧ ಶಾಯಿ ಇಡುವ ವಿದ್ಯೆ ಬಹುಪಾಲು ಯಂತ್ರಗಳಿಗೆ ಇಲ್ಲ. ಆದರೂ ಬೆಳಗಿನ ಪತ್ರಿಕೆಯ ಫೋಟೋದಲ್ಲಿ ಅಜ್ಜಿಯ ಕೆನ್ನೆಯ ಸುಕ್ಕು ಕಾಣುತ್ತದೆ, ಮಳೆಮೋಡದ ಒಳಗಿನ ಮಬ್ಬು ಕಾಣುತ್ತದೆ. ಇಲ್ಲದ ಬೂದನ್ನು ಇರುವಂತೆ ತೋರಿಸುವ ಈ ಕೆಲಸಕ್ಕೆ ಕಂಪ್ಯೂಟರ್ ಲೋಕದಲ್ಲಿ ಡಿದರಿಂಗ್ ಎಂದು ಹೆಸರು. ಇಂಗ್ಲಿಷಿನ ಆ ಪದದ ಹಳೆಯ ಅರ್ಥ ನಡುಗುವುದು.

ಪ್ರಿಂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು ಅಲ್ಲಿರುವ ಹೆಸರುಗಳನ್ನು ಓದಿ, ಏನೂ ತೋಚದೆ ಮುಚ್ಚಿದವರು ಈ ಸಭೆಯಲ್ಲಿ ಅನೇಕರಿರಬಹುದು. ಆ ಹೆಸರುಗಳ ಹಿಂದೆ ಏನು ನಡೆಯುತ್ತದೆ, ಯಾವ ಚಿತ್ರಕ್ಕೆ ಯಾವುದು ಹೊಂದುತ್ತದೆ ಎಂಬುದಷ್ಟೇ ಈ ಉಪನ್ಯಾಸದ ವ್ಯಾಪ್ತಿ. ಮೊದಲು ಹಳೆಯ ಬ್ಲಾಕುಗಳ ಕಾಲ, ಆಮೇಲೆ ಕಂಪ್ಯೂಟರಿನ ಲೆಕ್ಕ, ಅದಾದ ಮೇಲೆ ಸಣ್ಣ ಗೆರೆಗಳ ಸಂಕಟ, ಕಡೆಗೆ ಯಂತ್ರ ಮತ್ತು ಕಾಗದ. ಬಣ್ಣದ ಮುದ್ರಣವನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ. ಕಪ್ಪು ಬಿಳುಪಿನಲ್ಲೇ ಹೇಳುವುದು ಬೇಕಾದಷ್ಟಿದೆ.

ಬ್ಲಾಕುಗಳಿಂದ ಶುರು ಮಾಡೋಣ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಚಿತ್ರ ಬೇಕೆಂದರೆ ಪ್ರೆಸ್ಸಿನವರು ಕೇಳುತ್ತಿದ್ದ ಮೊದಲ ಪ್ರಶ್ನೆ: ಲೈನ್ ಬ್ಲಾಕೋ, ಹಾಫ್‌ಟೋನ್ ಬ್ಲಾಕೋ? ಸಹಿ, ನಕ್ಷೆ, ವ್ಯಂಗ್ಯಚಿತ್ರ, ಪೆನ್ನಿನಲ್ಲಿ ಬರೆದ ಚಿತ್ರ ಇವಕ್ಕೆಲ್ಲ ಲೈನ್ ಬ್ಲಾಕ್. ಸತುವಿನ ತಗಡಿನ ಮೇಲೆ ಗೆರೆ ಇರುವಲ್ಲಿ ಲೋಹ ಉಳಿಯುತ್ತಿತ್ತು, ಉಳಿದದ್ದನ್ನು ಆಮ್ಲ ತಿನ್ನುತ್ತಿತ್ತು. ಫೋಟೋಗಳಿಗೆ ಹಾಫ್‌ಟೋನ್, ಅಂದರೆ ಪರದೆಯ ಮೂಲಕ ಚಿತ್ರವನ್ನು ದೊಡ್ಡ ಸಣ್ಣ ಚುಕ್ಕಿಗಳಾಗಿ ಒಡೆಯುವುದು. ಒಂದೇ ಚಿತ್ರದಲ್ಲಿ ಫೋಟೋ, ಗೆರೆ ಎರಡೂ ಇದ್ದರೆ ಎರಡು ನೆಗೆಟಿವ್ ಮಾಡಿ, ಸೇರಿಸಿ, ಕಾಂಬಿನೇಷನ್ ಬ್ಲಾಕ್ ಮಾಡಿಸುತ್ತಿದ್ದರು. ಅದಕ್ಕೆ ಖರ್ಚು ಹೆಚ್ಚು, ಆದ್ದರಿಂದ ಕೇಳಿಯೇ ಮಾಡುತ್ತಿದ್ದರು. ಗೆರೆ ಬೇರೆ, ಛಾಯೆ ಬೇರೆ ಎಂಬ ಈ ತಿಳಿವಳಿಕೆಯನ್ನು ಕೇಳುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಉಪನ್ಯಾಸದ ಮುಂದಿನ ಭಾಗವೆಲ್ಲ ಮತ್ತೆ ಮತ್ತೆ ಇಲ್ಲಿಗೇ ಬರುತ್ತದೆ.

ಹಾಫ್‌ಟೋನ್ ಒಬ್ಬರ ಕೈಯ ಶೋಧವಲ್ಲ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1852ರಲ್ಲೇ ತೆಳು ಬಟ್ಟೆಯ ಪರದೆಯ ಮೂಲಕ ಚಿತ್ರವನ್ನು ಒಡೆಯುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ ಆ ನಗರದ ಒಂದು ಗುಡಿಸಲು ಬಡಾವಣೆಯ ಫೋಟೋವನ್ನು ಸ್ಟೀಫನ್ ಹೋರ್ಗನ್ ಅವರ ವಿಧಾನದಲ್ಲಿ ಅಚ್ಚು ಹಾಕಿತು. ಎರಡು ವರ್ಷದ ಮೇಲೆ ಜರ್ಮನಿಯ ಗಿಯೋರ್ಗ್ ಮೈಸೆನ್‌ಬಾಖ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಗಾಜಿನ ಮೇಲೆ ಅಡ್ಡ ಉದ್ದ ಗೆರೆ ಕೊರೆದ ನಿಖರವಾದ ಪರದೆಗಳನ್ನು ಫಿಲಡೆಲ್ಫಿಯಾದ ಲೆವಿ ಸಹೋದರರು ತಯಾರಿಸತೊಡಗಿದ ಮೇಲೆ ಈ ಕಸುಬು ಜಗತ್ತಿನಾದ್ಯಂತ ಹಬ್ಬಿತು.

ಇಲ್ಲಿ ಭಾರತದ ಒಂದು ಹೆಸರನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಕಲ್ಕತ್ತೆಯ ಉಪೇಂದ್ರಕಿಶೋರ್ ರಾಯ್‌ಚೌಧರಿ, ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಅವರ ತಾತ. ಮಕ್ಕಳ ಪುಸ್ತಕಕ್ಕೆ ತಾವು ಬರೆದ ಚಿತ್ರಗಳು ಅಚ್ಚಿನಲ್ಲಿ ಕೆಟ್ಟದಾಗಿ ಬಂದದ್ದನ್ನು ಕಂಡು ನೊಂದು, ಇಂಗ್ಲೆಂಡಿನಿಂದ ಸಾಮಗ್ರಿ ತರಿಸಿ, ತಾವೇ ಹಾಫ್‌ಟೋನ್ ಕಲಿತರು. ಪರದೆಗೂ ನೆಗೆಟಿವ್‌ಗೂ ನಡುವಿನ ಅಂತರ ಎಷ್ಟಿರಬೇಕು, ಬೆಳಕು ಪರದೆಯ ಸಂದಿನಲ್ಲಿ ಬಾಗಿದಾಗ ಚುಕ್ಕಿಯ ಆಕಾರ ಏನಾಗುತ್ತದೆ, ಗೆರೆಗಳು 60 ಡಿಗ್ರಿಯಲ್ಲಿ ಹಾಯ್ದ ಪರದೆಯಿಂದ ಏನು ಲಾಭ ಎಂಬುದನ್ನೆಲ್ಲ ಲೆಕ್ಕ ಹಾಕಿ ಲಂಡನ್ನಿನ ಪೆನ್‌ರೋಸ್ ವಾರ್ಷಿಕದಲ್ಲಿ ಬರೆದರು. ಇಂದು ಸೆಟ್ಟಿಂಗ್ಸ್ ಪುಟದಲ್ಲಿ ಆಂಗಲ್, ಫ್ರೀಕ್ವೆನ್ಸಿ ಎಂದು ಕಾಣುವ ಎರಡು ಖಾನೆಗಳ ಹಿಂದೆ ಇಂಥವರ ದುಡಿಮೆ ಇದೆ.

ಈ ಚುಕ್ಕಿಗಳಿಗೆ ಕಣ್ಣು ಒಪ್ಪುವುದು ಹೇಗೆ? ಕಣ್ಣಿಗೆ ಒಂದು ಮಿತಿಯಿದೆ. ಒಳ್ಳೆಯ ದೃಷ್ಟಿಯವರಿಗೂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದು ಕಷ್ಟ. ಪುಸ್ತಕವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಈ ಅಂತರ ಸುಮಾರು 0.087 ಮಿಲಿಮೀಟರ್, ಅಂದರೆ ಇಂಚಿಗೆ ಹೆಚ್ಚುಕಡಿಮೆ 290 ಚುಕ್ಕಿ. ಅದಕ್ಕಿಂತ ಒತ್ತಾಗಿದ್ದರೆ ಕಪ್ಪು ಬಿಳಿ ಎರಡೂ ಬೆರೆತು ಬೂದಾಗುತ್ತವೆ. ಇನ್ನೊಂದು ಗುಣವೂ ಉಂಟು: ಅಡ್ಡ ಅಥವಾ ನೇರ ಸಾಲುಗಳನ್ನು ಕಣ್ಣು ಬೇಗ ಹಿಡಿಯುತ್ತದೆ, 45 ಡಿಗ್ರಿ ಓರೆಯಾದ ಸಾಲುಗಳನ್ನು ಅಷ್ಟು ಬೇಗ ಹಿಡಿಯುವುದಿಲ್ಲ. ಕಪ್ಪು ಶಾಯಿಯ ಪರದೆಯನ್ನು 45 ಡಿಗ್ರಿಗೆ ವಾಲಿಸುವ ಪದ್ಧತಿ ಬಂದದ್ದು ಇದಕ್ಕೇ.

ಇನ್ನು ಎರಡನೆಯ ಭಾಗಕ್ಕೆ, ಕಂಪ್ಯೂಟರಿನ ಲೆಕ್ಕಕ್ಕೆ ಹೋಗಬಹುದು. ಗಾಜಿನ ಪರದೆ ಹೋಗಿ ಅಂಕಿಗಳು ಬಂದಾಗ ಚಿತ್ರದ ಪ್ರತಿ ಬಿಂದುವೂ 0ಯಿಂದ 255ರ ನಡುವಿನ ಒಂದು ಸಂಖ್ಯೆಯಾಯಿತು. 0 ಕಪ್ಪು, 255 ಬಿಳಿ. ತೀರ ಸರಳವಾದ ದಾರಿ ಥ್ರೆಶೋಲ್ಡ್: 128ಕ್ಕಿಂತ ಕಡಿಮೆಯಾದರೆ ಕಪ್ಪು, ಉಳಿದದ್ದು ಬಿಳಿ. ಫೋಟೋಗೆ ಇದನ್ನು ಹಚ್ಚಿದರೆ ಮುಖದ ಅರ್ಧ ಮಸಿಯಾಗುತ್ತದೆ, ಅರ್ಧ ಮಾಯವಾಗುತ್ತದೆ. ಎಂಐಟಿಯಲ್ಲಿ ಓದುತ್ತಿದ್ದ ಲಾರೆನ್ಸ್ ರಾಬರ್ಟ್ಸ್ 1960ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಉಪಾಯ ತೋರಿಸಿದರು. ತೀರ್ಪು ಕೊಡುವ ಮುನ್ನ ಪ್ರತಿ ಸಂಖ್ಯೆಗೂ ಸ್ವಲ್ಪ ಗೊತ್ತುಗುರಿಯಿಲ್ಲದ ಏರುಪೇರು ಬೆರೆಸಿದರೆ ಛಾಯೆ ಉಳಿಯುತ್ತದೆ. ಚಿತ್ರ ತುಸು ಮರಳುಮರಳಾಗುತ್ತದೆ, ಆದರೆ ಮುಖ ಮುಖವಾಗಿಯೇ ಇರುತ್ತದೆ.

1973ರಲ್ಲಿ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಏರುಪೇರಿಗೆ ಒಂದು ಕ್ರಮ ತಂದರು. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವವರು ಮೊದಲು ಚುಕ್ಕಿಗಳ ಮನೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಬೇಯರ್ ವಿಧಾನದಲ್ಲೂ ಮನೆ ಮೊದಲೇ ನಿಗದಿ. ನಾಲ್ಕಕ್ಕೆ ನಾಲ್ಕರ ಮನೆಯಲ್ಲಿ 16 ಚುಕ್ಕಿ. ಯಾವುದು ಮೊದಲು ಕಪ್ಪಾಗಬೇಕು, ಯಾವುದು ಕೊನೆಗೆ ಎಂಬ ಸರದಿ ಗೊತ್ತಿದೆ. ಒಂದೂ ಕಪ್ಪಿಲ್ಲದ ಸ್ಥಿತಿಯನ್ನೂ ಸೇರಿಸಿದರೆ 17 ಛಾಯೆ ಸಿಗುತ್ತವೆ. ಎಂಟಕ್ಕೆ ಎಂಟಾದರೆ 65. ಲೆಕ್ಕ ಬಹಳ ಚುರುಕು, ಫಲ ಸ್ಥಿರ. ಆದರೆ ಆಕಾಶದಂಥ ನುಣುಪು ಜಾಗದಲ್ಲಿ ಚೌಕುಳಿಯ ನೇಯ್ಗೆ ಕಣ್ಣಿಗೆ ಹೊಡೆಯುತ್ತದೆ.

1976ರಲ್ಲಿ ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿ ಸ್ಟೈನ್‌ಬರ್ಗ್ ಪ್ರಕಟಿಸಿದ ವಿಧಾನ ಬೇರೆಯೇ ಜಾತಿಯದು. ಇದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದು ಬಿಂದುವಿನ ಬೆಲೆ 100 ಎನ್ನಿ. ಅದು 128ಕ್ಕಿಂತ ಕಡಿಮೆ, ಕಪ್ಪಾಯಿತು, ಅಂದರೆ 0. ಆದರೆ ಅಲ್ಲಿ 100ರಷ್ಟು ಬೆಳಕು ಸಲ್ಲಬೇಕಿತ್ತು, ಸಲ್ಲಲಿಲ್ಲ. ಈ ಬಾಕಿಯನ್ನು ಬಿಟ್ಟುಬಿಡದೆ ನೆರೆಯವರಿಗೆ ಹಂಚಬೇಕು: ಬಲಗಡೆಯ ಬಿಂದುವಿಗೆ ಹದಿನಾರರಲ್ಲಿ 7 ಪಾಲು, ಅಂದರೆ 43.75, ಕೆಳಗಿನದಕ್ಕೆ 5 ಪಾಲು, 31.25, ಕೆಳಗೆ ಎಡಕ್ಕೆ 3 ಪಾಲು, 18.75, ಕೆಳಗೆ ಬಲಕ್ಕೆ 1 ಪಾಲು, 6.25. ಕೂಡಿದರೆ ಸರಿಯಾಗಿ 100. ಬಲಗಡೆಯದೂ ಮೂಲತಃ 100 ಇದ್ದರೆ ಈಗ 143.75 ಆಯಿತು, ಆದ್ದರಿಂದ ಬಿಳಿ. ಈ ಸಲ 111.25ರಷ್ಟು ಹೆಚ್ಚು ಸಂದಿತು. ಆ ಹೆಚ್ಚಳವನ್ನು ಮುಂದಿನವರಿಂದ ಕಳೆಯಬೇಕು. ಹಳ್ಳಿಯ ಅಂಗಡಿಯ ಸಾಲದ ಪುಸ್ತಕದಂತೆ ಬಾಕಿ ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗುತ್ತದೆ. ಸೆಟ್ಟಿಂಗ್ಸಿನಲ್ಲಿ ಎರರ್ ಡಿಫ್ಯೂಷನ್ ಎಂದರೆ ಇದು. ಕೂದಲು, ಎಲೆ, ಕಲ್ಲಿನ ಒರಟು ಇಂಥ ಸೂಕ್ಷ್ಮಗಳು ಇದರಲ್ಲಿ ಚೆನ್ನಾಗಿ ಉಳಿಯುತ್ತವೆ. ತೀರ ತಿಳಿಯಾದ ಛಾಯೆಯಲ್ಲಿ ಮಾತ್ರ ಚುಕ್ಕಿಗಳು ಹುಳು ಹರಿದಂತೆ ಸಾಲುಗಟ್ಟುತ್ತವೆ.

ಜಾರ್ವಿಸ್, ಸ್ಟುಕಿ ಎಂಬ ಹೆಸರುಗಳೂ ಪಟ್ಟಿಯಲ್ಲಿರುತ್ತವೆ. ಅವು ಬಾಕಿಯನ್ನು ಇನ್ನೂ ದೂರದ ಹನ್ನೆರಡು ನೆರೆಯವರಿಗೆ ಹಂಚುತ್ತವೆ, ಅಷ್ಟೇ ವ್ಯತ್ಯಾಸ. ಆಪಲ್‌ನಲ್ಲಿದ್ದ ಬಿಲ್ ಅಟ್ಕಿನ್ಸನ್ ಅವರ ವಿಧಾನದ ಹಾದಿ ಬೇರೆ. ಅದು ಬಾಕಿಯ ಎಂಟರಲ್ಲಿ ಆರು ಪಾಲನ್ನು ಮಾತ್ರ ಹಂಚಿ, ಉಳಿದೆರಡನ್ನು ಮನ್ನಾ ಮಾಡುತ್ತದೆ. ಇದರಿಂದ ತಿಳಿಯಾದ ಕಡೆ ಪೂರ್ತಿ ಬಿಳಿ, ಗಾಢವಾದ ಕಡೆ ಪೂರ್ತಿ ಕಪ್ಪು ಉಳಿದು ಚಿತ್ರ ಸ್ಪಷ್ಟವಾಗಿ ಎದ್ದು ಬರುತ್ತದೆ. ರಸೀತಿ ಮುದ್ರಿಸುವ ಸಣ್ಣ ಥರ್ಮಲ್ ಯಂತ್ರದಲ್ಲಿ ಫೋಟೋ ಅಥವಾ ಲಾಂಛನ ಹಾಕಬೇಕಾದಾಗ ಫ್ಲಾಯ್ಡ್ ವಿಧಾನಕ್ಕಿಂತ ಇದು ಹೆಚ್ಚಿನ ಸಲ ಚೊಕ್ಕವಾಗಿ ಬರುವುದಕ್ಕೆ ಈ ಮನ್ನಾವೇ ಕಾರಣ.

ಈಗ ಮೂರನೆಯ ಸಂಗತಿ, ಸಣ್ಣ ಗೆರೆ. ಹೆಚ್ಚು ಕಾಗದ ಹಾಳಾಗುವುದು ಇಲ್ಲಿ.

ಒಂದು ಕೋಷ್ಟಕದ ಗೆರೆಯನ್ನು ತೆಗೆದುಕೊಳ್ಳಿ. ವಿನ್ಯಾಸಕಾರರು ಅದು ನಾಜೂಕಾಗಿರಲಿ ಎಂದು 0.25 ಪಾಯಿಂಟ್ ದಪ್ಪ, ಶೇ 40 ಬೂದು ಕೊಟ್ಟಿದ್ದಾರೆ. ಕಂಪ್ಯೂಟರಿನ ಪರದೆಯ ಮೇಲೆ ಬಹಳ ಅಂದ. ಮುದ್ರಿಸುವುದು 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ ಇಡುವ ಲೇಸರ್ ಯಂತ್ರದಲ್ಲಿ. ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ಆದ್ದರಿಂದ ಈ ಗೆರೆಯ ದಪ್ಪ ಯಂತ್ರದ ಎರಡೇ ಎರಡು ಚುಕ್ಕಿ. ಇತ್ತ ಬೂದು ಬೇಕೆಂದು ಯಂತ್ರ ಹಾಫ್‌ಟೋನ್ ಪರದೆ ಹಾಕುತ್ತದೆ. ಇಂಚಿಗೆ 75 ಸಾಲಿನ ಪರದೆಯಾದರೆ ಒಂದೊಂದು ಮನೆ ಎಂಟಕ್ಕೆ ಎಂಟು ಚುಕ್ಕಿ. ಶೇ 40ಕ್ಕೆ ಆ 64ರಲ್ಲಿ ಸುಮಾರು 25 ಕಪ್ಪಾಗಬೇಕು, ಅಂದರೆ ಐದಕ್ಕೆ ಐದರ ಒಂದು ಗಂಟು, ಗಂಟಿನಿಂದ ಗಂಟಿಗೆ ಮೂರು ಚುಕ್ಕಿಯ ಸಂದು. ಎರಡು ಚುಕ್ಕಿ ದಪ್ಪದ ಗೆರೆ ಗಂಟುಗಳ ಮೇಲೆ ಹಾಯ್ದರೆ ಐದು ಕಪ್ಪು, ಮೂರು ಬಿಳಿ, ಮತ್ತೆ ಐದು ಕಪ್ಪು ಹೀಗೆ ತುಂಡುತುಂಡು. ಸಂದಿನ ಮೇಲೆ ಹಾಯ್ದರೆ ಗೆರೆಯೇ ಇಲ್ಲ! ಪರದೆಯನ್ನು ವಾಲಿಸಿದರೆ ಪೂರ್ತಿ ಮಾಯವಾಗುವುದು ತಪ್ಪಬಹುದು, ತುಂಡಾಗುವುದು ತಪ್ಪದು. ಒಂದೇ ಕೋಷ್ಟಕದಲ್ಲಿ ಒಂದು ಗೆರೆ ಬಂದು ಇನ್ನೊಂದು ಬಾರದಿದ್ದಾಗ ಯಂತ್ರ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸುವವರಿದ್ದಾರೆ. ಯಂತ್ರ ಹೇಳಿದ್ದನ್ನೇ ಮಾಡಿದೆ.

ಎರರ್ ಡಿಫ್ಯೂಷನ್ ಹಾಕಿದರೂ ಗೆರೆ ಉಗುರಿನಿಂದ ಕೆರೆದಂತೆ ಕಡಿಕಡಿಯಾಗಿಯೇ ಬರುತ್ತದೆ. ಎರಡು ಚುಕ್ಕಿಯ ಅಗಲದಲ್ಲಿ ಛಾಯೆ ಹೇಳಲು ಜಾಗವೇ ಇಲ್ಲ. ಪರಿಹಾರ ಡಿದರಿಂಗ್ ಬದಲಿಸುವುದರಲ್ಲಿಲ್ಲ, ಗೆರೆಯನ್ನು ಡಿದರಿಂಗ್‌ನಿಂದ ಹೊರಗಿಡುವುದರಲ್ಲಿದೆ. ಗೆರೆ ಪೂರ್ತಿ ಕಪ್ಪಿರಲಿ. ಹಗುರವಾಗಿ ಕಾಣಬೇಕಿದ್ದರೆ ಬೂದು ಮಾಡುವ ಬದಲು ತೆಳುವಾಗಿಸಲಿ. ತೆಳುವಾಗಿಸುವುದೂ ಯಂತ್ರದ ಚುಕ್ಕಿಯ ಲೆಕ್ಕದಲ್ಲೇ ಆಗಬೇಕು: 600 ಡಿಪಿಐಯಲ್ಲಿ ಒಂದು ಚುಕ್ಕಿ ಸುಮಾರು 0.042 ಮಿಲಿಮೀಟರ್, 203 ಡಿಪಿಐ ಥರ್ಮಲ್ ಯಂತ್ರದಲ್ಲಿ 0.125 ಮಿಲಿಮೀಟರ್. ಒಂದೂವರೆ ಚುಕ್ಕಿಯ ಗೆರೆ ಎಂಬುದಿಲ್ಲ.

ಕನ್ನಡದ ಅಕ್ಷರಗಳಿಗೂ ಇದೇ ಮಾತು ಸಲ್ಲುತ್ತದೆ, ಇನ್ನೂ ಒಂದು ಕೈ ಹೆಚ್ಚಾಗಿಯೇ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಅದರ ಸುರುಳಿ ಇನ್ನೂ ಚಿಕ್ಕದು. ಫೋಟೋ ಕೆಳಗಿನ ಶೀರ್ಷಿಕೆಯನ್ನು ಎಂಟು ಪಾಯಿಂಟಿನಲ್ಲಿ, ಶೇ 60 ಬೂದಿನಲ್ಲಿ ಇಟ್ಟರೆ ತಲೆಕಟ್ಟು ಗರಗಸದಂತೆ ಹಲ್ಲುಹಲ್ಲಾಗುತ್ತದೆ, ಅಕ್ಷರದಡಿಯ ಒತ್ತು ಯಾವುದೆಂದು ಊಹಿಸಬೇಕಾಗುತ್ತದೆ. ಬೂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಿಡುವುದು ಇದಕ್ಕಿಂತ ಅಪಾಯ. ಸಣ್ಣ ಕನ್ನಡ ಅಕ್ಷರಕ್ಕೆ ಕಪ್ಪಲ್ಲದೆ ಬೇರೆ ಬಣ್ಣ ಕೊಡಲೇಬಾರದು ಎಂಬುದು ಈ ಉಪನ್ಯಾಸದ ಖಚಿತ ನಿಲುವು.

ಇನ್ನೊಂದು ಮೋಸ ಕಣ್ಣಿಗೆ ಕಾಣದ್ದು. ಪುಟವನ್ನು ಪಿಡಿಎಫ್ ಆಗಿ ಕಳಿಸಿದರೆ ಅಕ್ಷರ ಅಕ್ಷರವಾಗಿ, ಗೆರೆ ಗೆರೆಯಾಗಿ, ಫೋಟೋ ಫೋಟೋ ಆಗಿ ಯಂತ್ರಕ್ಕೆ ತಲುಪುತ್ತವೆ; ಒಳ್ಳೆಯ ಪ್ರಿಂಟರ್ ಡ್ರೈವರ್ ಒಂದೊಂದಕ್ಕೂ ತಕ್ಕ ವಿಧಾನ ಹಚ್ಚುತ್ತದೆ. ಅದೇ ಪುಟವನ್ನು ಮೊಬೈಲಿನಲ್ಲಿ ಜೆಪಿಇಜಿ ಚಿತ್ರವಾಗಿ ಕಳಿಸಿದಿರೋ, ಎಲ್ಲವೂ ಫೋಟೋ ಆಯಿತು. ಅಕ್ಷರದ ಅಂಚಿನ ನುಣುಪಿಗೆಂದು ಇದ್ದ ತೆಳು ಬೂದು ಕೂಡ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಮದುವೆಯ ಆಮಂತ್ರಣದಲ್ಲಿ ಅಕ್ಷರದ ಸುತ್ತ ಧೂಳು ಮೆತ್ತಿದಂತೆ ಕಾಣುವುದಕ್ಕೆ ಇದು ಕಾರಣ. ಹಳೆಯ ಕಾಂಬಿನೇಷನ್ ಬ್ಲಾಕಿನಲ್ಲಿ ಬೇರೆಯಾಗಿದ್ದ ಗೆರೆ ಮತ್ತು ಛಾಯೆ ಇಲ್ಲಿ ಮತ್ತೆ ಕಲಸಿಹೋದವು.

ಕ್ಯೂಆರ್ ಕೋಡ್ ಕೂಡ ಗೆರೆಯ ಪಂಗಡಕ್ಕೇ ಸೇರಿದ್ದು. ಸಾಲಿಗೆ 25 ಮನೆಗಳ ಒಂದು ಕೋಡನ್ನು 203 ಡಿಪಿಐ ಯಂತ್ರದಲ್ಲಿ ಮನೆಗೆ ನಾಲ್ಕು ಚುಕ್ಕಿಯಂತೆ ಮುದ್ರಿಸಿದರೆ 12.5 ಮಿಲಿಮೀಟರ್ ಚೌಕ, ಅಂಚೆಲ್ಲ ಚೂಪು. ಅದನ್ನು ಎಳೆದು 14 ಮಿಲಿಮೀಟರ್ ಮಾಡಿದರೆ ಮನೆಗೆ ನಾಲ್ಕೂವರೆ ಚುಕ್ಕಿ ಬೇಕಾಗುತ್ತದೆ; ಕೆಲವು ಮನೆ ನಾಲ್ಕು, ಕೆಲವು ಐದು, ಅಥವಾ ಅಂಚಿನಲ್ಲಿ ಬೂದು. ಮೊಬೈಲ್ ಓದಲು ತಡವರಿಸುತ್ತದೆ.

ನಾಲ್ಕನೆಯದಾಗಿ, ಯಂತ್ರ ಮತ್ತು ಕಾಗದ. ವಿಂಡೋಸ್ 95ರ ಕಾಲದ ಪ್ರಿಂಟರ್ ಡ್ರೈವರ್‌ಗಳಲ್ಲಿ ಡಿದರಿಂಗ್ ಎಂಬ ಶೀರ್ಷಿಕೆಯ ಕೆಳಗೆ ಐದು ಆಯ್ಕೆ ಇರುತ್ತಿದ್ದವು: ನನ್, ಕೋರ್ಸ್, ಫೈನ್, ಲೈನ್ ಆರ್ಟ್, ಎರರ್ ಡಿಫ್ಯೂಷನ್. 300 ಡಿಪಿಐ ಅಥವಾ ಮೇಲಿದ್ದರೆ ಕೋರ್ಸ್, 200 ಅಥವಾ ಕೆಳಗಿದ್ದರೆ ಫೈನ್ ಎಂಬುದು ಅವುಗಳ ಸಲಹೆ. ಒಳ್ಳೆಯ ಯಂತ್ರಕ್ಕೆ ಒರಟು, ಸಾಧಾರಣ ಯಂತ್ರಕ್ಕೆ ನಯ ಎಂದರೆ ತಿರುಗುಮುರುಗಾಗಿ ಕೇಳುತ್ತದೆ, ಆದರೆ ಲೆಕ್ಕ ಸರಿಯಾಗಿದೆ. ಚುಕ್ಕಿಗಳು ದೊಡ್ಡದಿರುವ ಯಂತ್ರದಲ್ಲಿ ಅವನ್ನು ಇನ್ನೂ ಗಂಟು ಕಟ್ಟಿದರೆ ಚಿತ್ರವೇ ಗುರುತು ಸಿಗದು, ಆದ್ದರಿಂದ ಬಿಡಿಬಿಡಿಯಾಗಿ ಹರಡಬೇಕು. ಚುಕ್ಕಿ ಸಣ್ಣದಾದಾಗ ಗಂಟು ಕಟ್ಟುವಷ್ಟು ಅನುಕೂಲ ಇರುತ್ತದೆ. ಗಂಟು ಕಾಗದದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ.

ಗಂಟು ಕಟ್ಟಿದರೆ ಎಷ್ಟು ಛಾಯೆ ಸಿಗುತ್ತದೆ ಎಂಬುದಕ್ಕೆ ಪ್ರೆಸ್ಸಿನವರ ಸೂತ್ರವಿದೆ: ಡಿಪಿಐಯನ್ನು ಪರದೆಯ ಸಾಲುಗಳಿಂದ ಭಾಗಿಸಿ, ವರ್ಗ ಮಾಡಿ, ಒಂದು ಕೂಡಿ. 300 ಡಿಪಿಐಯಲ್ಲಿ 60 ಸಾಲು ಹಾಕಿದರೆ ಐದೈದಲ ಇಪ್ಪತ್ತೈದು, ಒಂದು ಕೂಡಿದರೆ 26 ಛಾಯೆ. 600ರಲ್ಲಿ 75 ಸಾಲಿಗೆ 65. ಪ್ಲೇಟ್ ಮಾಡುವ 2400 ಡಿಪಿಐ ಯಂತ್ರದಲ್ಲಿ 150 ಸಾಲಿಗೆ 257. 600 ಡಿಪಿಐ ಯಂತ್ರದಲ್ಲೂ 150 ಸಾಲು ಬೇಕೆಂದು ಹಟ ಹಿಡಿದರೆ 17 ಛಾಯೆಯಷ್ಟೇ ಉಳಿದು ಆಕಾಶದಲ್ಲಿ ಮೆಟ್ಟಿಲು ಕಾಣುತ್ತದೆ.

ಲೇಸರ್ ಯಂತ್ರದ ಟೋನರ್ ಪುಡಿ. ಒಂಟಿ ಚುಕ್ಕಿಯಷ್ಟು ಪುಡಿ ಒಮ್ಮೆ ಅಂಟುತ್ತದೆ, ಒಮ್ಮೆ ಅಂಟುವುದಿಲ್ಲ. ಆದ್ದರಿಂದ ಲೇಸರ್‌ಗೆ ಗಂಟು ಕಟ್ಟುವ ಹಾಫ್‌ಟೋನ್ ಒಳ್ಳೆಯದು. ಇಂಕ್‌ಜೆಟ್ ಹನಿಯನ್ನು ಒಂಟಿಯಾಗಿ ಗುರಿಯಿಟ್ಟು ಹಾಕಬಲ್ಲದು. ಅಲ್ಲಿ ಎರರ್ ಡಿಫ್ಯೂಷನ್‌ನ ಸೊಗಸು ಪೂರ್ತಿ ಸಿಗುತ್ತದೆ. ಮುದ್ರಿಸಿದ್ದನ್ನು ಮತ್ತೆ ಜೆರಾಕ್ಸ್ ಮಾಡುವುದುಂಟೆಂದು ಗೊತ್ತಿದ್ದರೆ, ಕಚೇರಿಯ ಕಾಗದಗಳ ಗತಿ ಸಾಮಾನ್ಯವಾಗಿ ಅದೇ, ಒರಟು ಪರದೆಯನ್ನೇ ಹಾಕಬೇಕು. ಬಿಡಿ ಚುಕ್ಕಿಗಳು ಎರಡನೆಯ ಪ್ರತಿಗೇ ಕಳಚಿಹೋಗುತ್ತವೆ.

ಕಾಗದ ಶಾಯಿ ಕುಡಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ನ್ಯೂಸ್‌ಪ್ರಿಂಟಿನ ಮೇಲೆ ಶೇ 50ರ ಚುಕ್ಕಿ ಹರಡಿ ಶೇ 70ರ ಆಚೆಗೆ ಹೋಗುತ್ತದೆ. ಪ್ರೆಸ್ಸಿನವರು ಇದನ್ನು ಡಾಟ್ ಗೇನ್ ಎನ್ನುತ್ತಾರೆ. ಪರದೆ ನಯವಾದಷ್ಟೂ ಚುಕ್ಕಿಗಳ ಅಂಚು ಹೆಚ್ಚು, ಅಂಚು ಹೆಚ್ಚಾದಷ್ಟೂ ಹರಡುವುದು ಹೆಚ್ಚು. ಅದಕ್ಕೇ ದಿನಪತ್ರಿಕೆಗೆ 85ರಿಂದ 100 ಸಾಲು, ನುಣುಪು ಕಾಗದದ ಮಾಸಪತ್ರಿಕೆಗೆ 133 ಅಥವಾ 150.

ಕೆಲಸದ ಸರದಿಯೂ ಮುಖ್ಯ. ಮೊದಲು ಚಿತ್ರವನ್ನು ಮುದ್ರಿಸುವ ಅಳತೆಗೆ, ಯಂತ್ರದ ಡಿಪಿಐಗೆ ತರಬೇಕು. ಆಮೇಲೆ ನಡುಛಾಯೆಯನ್ನು ಕಾಗದ ಕುಡಿಯುವಷ್ಟು ತಿಳಿಗೊಳಿಸಬೇಕು. ಎಲ್ಲಕ್ಕೂ ಕಡೆಗೆ ಡಿದರಿಂಗ್. ಚುಕ್ಕಿಯಾದ ಚಿತ್ರವನ್ನು ಮತ್ತೆ ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಕೂಡದು, ಅಲೆಅಲೆಯಾದ ಮೊಯಿರೆ ಎದ್ದುಬಿಡುತ್ತದೆ. ಉಳಿಸುವುದು ಪಿಎನ್‌ಜಿ ಅಥವಾ ಟಿಫ್ ಆಗಿ. ಜೆಪಿಇಜಿ ಮಾಡಿದರೆ ಒಂದೊಂದು ಚುಕ್ಕಿಯ ಸುತ್ತ ಮತ್ತೆ ಬೂದು ಮೂಡುತ್ತದೆ.

ಇದೆಲ್ಲ ಒಂದೇ ಪುಟದಲ್ಲಿ ಕೂಡುವ ಉದಾಹರಣೆ ಶಾಸನಗಳ ಪುಸ್ತಕ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಬರತೊಡಗಿದಂದಿನಿಂದ ಶಾಸನದ ಪಾಠದ ಜೊತೆ ಅದರ ರೂಪವನ್ನೂ ಓದುಗರ ಮುಂದಿಡುವ ಕೆಲಸ ನಮ್ಮಲ್ಲಿ ನಡೆದುಬಂದಿದೆ. ಇಂಥ ಪುಟದಲ್ಲಿ ಮೂರು ಬಗೆಯ ಸಾಮಗ್ರಿ ಇರುತ್ತದೆ: ಕಲ್ಲಿನ ಫೋಟೋ, ಒದ್ದೆ ಕಾಗದ ಹೊಡೆದು ಮಸಿ ಒತ್ತಿ ತೆಗೆದ ಪಡಿಯಚ್ಚು, ಊರಿನ ನಕ್ಷೆ. ಫೋಟೋಗೆ ಹಾಫ್‌ಟೋನ್, ನಕ್ಷೆಗೆ ಪೂರ್ತಿ ಕಪ್ಪು ಗೆರೆ, ಇಂಚಿಗೆ 1200 ಬಿಂದುಗಳ ಸ್ಕ್ಯಾನ್, ಥ್ರೆಶೋಲ್ಡ್. ಇವೆರಡರಲ್ಲಿ ತಕರಾರಿಲ್ಲ.

ತೊಡಕು ಪಡಿಯಚ್ಚಿನದು. ಮೇಲ್ನೋಟಕ್ಕೆ ಅದು ಕಪ್ಪು ನೆಲದಲ್ಲಿ ಬಿಳಿ ಅಕ್ಷರ, ಲೈನ್ ಬ್ಲಾಕಿಗೆ ಹೇಳಿ ಮಾಡಿಸಿದಂತೆ. ಥ್ರೆಶೋಲ್ಡ್ ಹಚ್ಚಿದ ಕೂಡಲೇ ಅಕ್ಷರ ಪಳಪಳ ಎದ್ದು ಬರುತ್ತದೆ, ನೋಡಿದವರಿಗೆ ಹಿಗ್ಗು. ಆದರೆ ಕಲ್ಲು ಸವೆದ ಜಾಗದಲ್ಲಿ ಮಸಿ ಅರ್ಧ ಹಿಡಿದಿರುತ್ತದೆ. ಅದು ಉಳಿಯ ಗೆರೆಯೋ, ಕಲ್ಲಿನ ಬಿರುಕೋ ಎಂದು ವಿದ್ವಾಂಸರು ತೀರ್ಮಾನಿಸುವುದು ಆ ಮಬ್ಬನ್ನು ನೋಡಿಯೇ. ಥ್ರೆಶೋಲ್ಡ್ ಆ ತೀರ್ಮಾನವನ್ನು ತಾನೇ ಮಾಡಿ ಮುಗಿಸುತ್ತದೆ. ಬಿರುಕು ದೀರ್ಘವಾಗಿ, ಅನುಸ್ವಾರ ಕಲೆಯಾಗಿ ಅಚ್ಚಾಗಿಬಿಡಬಹುದು. ಆದ್ದರಿಂದ ಪಡಿಯಚ್ಚನ್ನು ಗೆರೆಯೆಂದು ಎಣಿಸದೆ ಛಾಯೆಯೆಂದೇ ಎಣಿಸಬೇಕು. ನಯವಾದ ಕಾಗದ, ಪ್ಲೇಟ್ ತಾಳುವಷ್ಟು ನಯವಾದ ಪರದೆ, ಇಂಕ್‌ಜೆಟ್ ಆದರೆ ಎರರ್ ಡಿಫ್ಯೂಷನ್. ನೆಲದ ಕಪ್ಪು ತುಸು ಮಂಕಾಗುತ್ತದೆ, ಆಗಲಿ. ಅಟ್ಕಿನ್ಸನ್ ವಿಧಾನ ಇಲ್ಲಿ ಬೇಡವೇ ಬೇಡ. ರಸೀತಿಯಲ್ಲಿ ಗುಣವಾಗಿದ್ದ ಅದರ ಮನ್ನಾ, ಸವೆದ ಅಕ್ಷರವನ್ನು ಅಳಿಸುವ ಕೆಲಸ ಮಾಡುತ್ತದೆ.

ಪುಟ ಪ್ರೆಸ್ಸಿಗೆ ಹೋಗುವ ಮುನ್ನ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಆ ಪುಸ್ತಕದ ಕಾಗದದ್ದೇ ಒಂದು ಹಾಳೆಯ ಮೇಲೆ ಶೇ 5ರಿಂದ 95ರವರೆಗಿನ ಬೂದು ಪಟ್ಟಿ, ಪಕ್ಕದಲ್ಲಿ ಒಂದು, ಎರಡು, ಮೂರು ಚುಕ್ಕಿ ದಪ್ಪದ ಗೆರೆಗಳು ಅಡ್ಡ, ಉದ್ದ, ಓರೆಯಾಗಿ, ಕೆಳಗೆ ಎಂಟು ಪಾಯಿಂಟಿನ ಒಂದು ಸಾಲು ಒತ್ತಕ್ಷರ, ಪಡಿಯಚ್ಚಿನ ಸವೆದ ಮೂಲೆಯ ಒಂದು ತುಣುಕು. ಇವನ್ನು ಎರಡು ಮೂರು ಸೆಟ್ಟಿಂಗ್‌ನಲ್ಲಿ ಮುದ್ರಿಸಿ, ಭೂತಗನ್ನಡಿ (ಲೂಪ್) ಹಿಡಿದು ನೋಡಿ, ಯಾವ ಶೇಕಡದಿಂದ ಚುಕ್ಕಿ ಉಳಿಯುತ್ತದೆ, ಯಾವುದರಿಂದಾಚೆ ಮಸಿಯಾಗಿ ಮುಚ್ಚಿಕೊಳ್ಳುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಹಾಳೆಯ ಅಂಚಿನಲ್ಲಿ ಯಂತ್ರ, ಕಾಗದ, ಸೆಟ್ಟಿಂಗ್, ತಾರೀಖು ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಬೇಕು. ಕಾಗದದ ಹೊಸ ಲೋಡು ಬಂದ ದಿನ ಅದರ ಪಕ್ಕದಲ್ಲೇ ಇನ್ನೊಂದು ಹಾಳೆ.